ಬಾಲ ಕರಿದೋ ಬಿಳಿದೋ

ಮದುವೆಯಾಗಿ ಮೂರು ತಿಂಗಳು ತುಂಬುವ ಮೊದಲೇ ನನ್ನ ಗಂಡ ಆಫ್ರಿಕಾಕ್ಕೆ ಹೋದರು. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬಹಳ ವರ್ಷ ಬೋರ್‌ವೆಲ್ ಗಾಡಿಯ ಮೇಲೆ ದುಡಿದವರು. ತಮಿಳುನಾಡಿನ ಮಾಲೀಕರೊಬ್ಬರು ತಮ್ಮ ಗಾಡಿಗಳನ್ನು ಹಡಗಿಗೆ ಹಾಕಿ ಟಾಂಜಾನಿಯಾಕ್ಕೆ ಕಳಿಸಿದಾಗ, ಕೈ ಪಳಗಿದವರು ಬೇಕೆಂದು ಇವರನ್ನೂ ಕರೆದರು. "ಎರಡು ವರ್ಷ ಅಷ್ಟ, ಹೋಗಿ ಬಂದ್ಬಿಡ್ತೀನಬೇ" ಎಂದು ಇವರು ತಮ್ಮ ಅವ್ವನಿಗೆ ಹೇಳಿದರು. ನನಗೆ ಬೇರೆಯಾಗಿ ಏನೂ ಹೇಳಲಿಲ್ಲ. ನಮ್ಮಿಬ್ಬರ ನಡುವೆ ಅಷ್ಟೊಂದು ಮಾತು ಇನ್ನೂ ಬೆಳೆದಿರಲಿಲ್ಲ. ಬಸ್ ಹತ್ತುವಾಗ ಒಮ್ಮೆ ತಿರುಗಿ ನೋಡಿ, "ಸಾಲಿ ಬಿಡಬ್ಯಾಡ" ಎಂದರು.

ಶಾಲೆ ಅಂದರೆ ಮಂಗಳೂರಿನ ಶಾಲೆ. ಕಡಲ ತೀರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಅಲ್ಲಿ ನಾನು ಅತಿಥಿ ಶಿಕ್ಷಕಿ. ವಿಜ್ಞಾನ ಕಲಿಸುತ್ತಿದ್ದೆ. ತವರು ಹುಲಿಹೈದರ, ಗಂಡನ ಮನೆ ಕುಷ್ಟಗಿ. ಬೆಳಿಗ್ಗೆ ರೊಟ್ಟಿ ಬಡಿದು, ಅತ್ತೆಗೆ ಬಿ.ಪಿ. ಗುಳಿಗೆ ಕೊಟ್ಟು, ಬಸ್ ಹಿಡಿದು ಹೋಗಿ ಸಂಜೆ ಅದೇ ದಾರಿಯಲ್ಲಿ ವಾಪಸಾಗುವುದು ನನ್ನ ದಿನಚರಿ.

ಇವರ ಫೋನು ಬರುತ್ತಿದ್ದುದು ರಾತ್ರಿ ಊಟದ ಹೊತ್ತಿಗೆ. ಅತ್ತೆಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಹಾಕಲೇಬೇಕು. ಪಡಸಾಲೆಯಲ್ಲಿ ನಾನು, ಅತ್ತೆ, ನಡುವೆ ಫೋನು. ತಾಯಿ ಮಗ ಇಬ್ಬರೂ ಮಳೆ, ಬೆಳೆ, ನೆಂಟರಿಷ್ಟರ ಸುದ್ದಿ ಎಲ್ಲ ಮಾತಾಡಿ ಮುಗಿಸಿದ ಮೇಲೆ ನನ್ನ ಸರದಿ.

"ಊಟ ಆತೇನು?"

"ಆತ್ರಿ. ನಿಮ್ಮದು?"

"ಆತು. ಅರಾಮ ಅದಿಯೇನು?"

"ಅರಾಮ ಅದೀನ್ರಿ."

ಅಷ್ಟೇ ಮಾತು. ಅತ್ತೆ ನನ್ನ ಮುಖ ನೋಡುತ್ತಿದ್ದರು, ನಾನು ಫೋನಿನ ಮುಖ ನೋಡುತ್ತಿದ್ದೆ. ಇವರು "ಇಡ್ತೀನಿ ಹಂಗಾರ" ಅನ್ನುತ್ತಿದ್ದರು. ಸುಮಾರು ಅರ್ಧ ವರ್ಷ ಹೀಗೇ ನಡೆಯಿತು.

ಒಂದು ದಿನ ಮಾತ್ರ ಫೋನು ಮಧ್ಯಾಹ್ನ ಬಂತು. ನಾನು ಶಾಲೆಯ ಆಲದ ಮರದ ಕೆಳಗೆ ಮಕ್ಕಳ ಬಿಸಿಯೂಟ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅತ್ತೆ ಇಲ್ಲದ್ದಕ್ಕೋ ಏನೋ, ಏನು ಮಾತಾಡಬೇಕೆಂದು ತೋಚದೆ ಇನ್ನೂ ಕಷ್ಟವಾಯಿತು. ಆಗ ಇವರೇ ಕೇಳಿದರು, "ಅದೇನು ಸಪ್ಪಳ? ಯಾರೋ ತಗಡು ಬಡದಂಗ ಕೇಳ್ತೈತಲ್ಲ."

"ಹಕ್ಕಿರಿ. ಆಲದ ಮರದಾಗ ಕುಂತೈತಿ. ಕಂಚುಗಾರ ಹಕ್ಕಿ ಅಂತಾರ. ಬಿಸಲಾಗ ಒಂದ ಸಮ ಟುಕ್ ಟುಕ್ ಅಂತಿರ್ತೈತಿ."

"ಎಷ್ಟೈತಿ?"

"ಗುಬ್ಬಿಗಿಂತ ಒಂಚೂರು ದೊಡ್ಡದು. ಹಸರು ಮೈ. ಹಣಿಮ್ಯಾಲೆ ಕೆಂಪು ಕುಂಕುಮ ಇಟ್ಟಂಗ."

"ಇಲ್ಲೂ ಒಂದ ಐತಿ. ಭಾಳ ಗದ್ದಲ ಮಾಡ್ತೈತಿ. ನಾಳಿ ಫೋಟೋ ಕಳಿಸ್ತೀನಿ ತಡಿ."

ನನ್ನ ಗಂಡ ನನಗೆ "ನಾಳಿ" ಅಂತ ಒಂದು ಮಾತು ಕೊಟ್ಟಿದ್ದು ಅದೇ ಮೊದಲು. ಮರುದಿನ ಸಂಜೆ ಬಸ್ಸಿನಲ್ಲಿ ಕೂತಾಗ ಫೋಟೋ ಬಂತು. ಅತ್ತಿಯಂಥ ಒಂದು ಮರ, ಅದರ ಟೊಂಗೆಯ ಮೇಲೆ ದಪ್ಪ ಕೊಕ್ಕಿನ ಹಕ್ಕಿ. ತಲೆ, ಕೊರಳು, ಎದೆ ಎಲ್ಲ ಹತ್ತಿಯಂತೆ ಬಿಳಿ. ರೆಕ್ಕೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ. ಹೊಟ್ಟೆಯೂ ಕಪ್ಪು, ಬಿಳಿ ಗೆರೆ. ಬಾಲ ಮಾತ್ರ ಮತ್ತೆ ಬಿಳಿ.

ನಮ್ಮ ಶಾಲೆಯ ಮುಖ್ಯೋಪಾಧ್ಯಾಯರಿಗೆ ಹಕ್ಕಿಗಳ ಹುಚ್ಚು ಇತ್ತು. ಕೊಪ್ಪಳದ ಮುಸ್ಲಿಂ ಮನೆತನದವರು. ತಂದೆಯದು ಅಲ್ಲಿ ಗಡಿಯಾರ ರಿಪೇರಿ ಅಂಗಡಿ. ನಮ್ಮ ಸರ್ ಮಾತ್ರ ರಜೆ ಬಂದರೆ ದುರ್ಬೀನು ಹಿಡಿದು ಕೆರೆಗಳ ಕಡೆ ಹೋಗುತ್ತಿದ್ದರು. ಅವರಿಗೆ ಫೋಟೋ ತೋರಿಸಿದೆ. ಇಬ್ಬರೂ ಕೂತು ಫೋನಿನಲ್ಲಿ ಹುಡುಕಿದೆವು. ಕೊನೆಗೆ ಸಿಕ್ಕಿತು: ಬಿಳಿ ತಲೆಯ ಕುಟ್ರು. ನಮ್ಮ ಕಂಚುಗಾರ ಹಕ್ಕಿಗೆ ದೂರದ ದಾಯಾದಿ. ಸಂಜೆ ಇವರಿಗೆ ಹೆಸರು ಬರೆದು ಕಳಿಸಿದೆ. "ಶಾಣ್ಯಾ ಅದಿ ಬಿಡು" ಎಂದು ಉತ್ತರ ಬಂತು. ಆ ಮೂರು ಪದಗಳನ್ನು ನಾನು ಎಷ್ಟು ಸಲ ಓದಿದೆನೋ.

ಅಲ್ಲಿಂದ ನಮ್ಮ ಮಾತು ಶುರುವಾಯಿತು. ಇವರು ಇದ್ದದ್ದು ಅರೂಶಾ ಅನ್ನುವ ಊರಿನ ಕಡೆ. ಗಾಡಿ ನಿಂತಲ್ಲೆಲ್ಲ ಆ ಹಕ್ಕಿಯನ್ನು ಹುಡುಕುತ್ತಿದ್ದರು. ಐದಾರು ಕೂಡಿ ಒಂದೇ ಕೊಂಬೆಯ ಮೇಲೆ ಕೂತು, ಒಂದರ ದನಿಯ ಮೇಲೆ ಒಂದು ದನಿ ಹಾಕಿ ಕಚಪಚ ಮಾಡುತ್ತವೆ ಎಂದು ರೆಕಾರ್ಡ್ ಮಾಡಿ ಕಳಿಸಿದರು. ಅದನ್ನು ತರಗತಿಯಲ್ಲಿ ಕೇಳಿಸಿದೆ. ಮಕ್ಕಳು ನಕ್ಕು ನಕ್ಕು ಸಾಕಾದರು.

ಮರುವರ್ಷ ಗಾಡಿಗಳು ಗಡಿ ದಾಟಿ ಕೀನ್ಯಾಕ್ಕೆ ಹೋದವು. ನೈರೋಬಿಯಿಂದ ಸ್ವಲ್ಪ ದೂರದ ಮಚಾಕೋಸ್ ಅನ್ನುವ ಒಣ ಸೀಮೆ. ಅಲ್ಲಿಂದ ಬಂದ ಮೊದಲ ಫೋಟೋ ನೋಡಿ ನನಗೆ ಆಶ್ಚರ್ಯವಾಯಿತು. ರೆಕ್ಕೆ, ಬೆನ್ನು ಬಿಟ್ಟರೆ ಹಕ್ಕಿ ಪೂರ್ತಿ ಬಿಳಿ. ಹೊಟ್ಟೆಯೂ ಬಿಳಿ.

ರಾತ್ರಿ ಫೋನಿನಲ್ಲಿ ಇವರು, "ಇದು ಬ್ಯಾರೆ ಹಕ್ಕಿ" ಎಂದರು.

"ಅಲ್ರಿ, ಅದ ಹಕ್ಕಿ. ಸೀಮಿ ಬದಲಾದಂಗ ಬಣ್ಣ ಬದಲಾಗ್ತೈತಿ. ಅದಕ್ಕ ಉಪಪ್ರಭೇದ ಅಂತಾರ."

"ಹೊಟ್ಟಿ ಕರೇದಿದ್ದದ್ದು ಬಿಳೇದಾದ್ರ ಅದ ಹಕ್ಕಿ ಹೆಂಗಾಗ್ತೈತಿ?"

ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು. "ನಿನ್ನ ಹೇಣ್ತಿ ಹುಲಿಹೈದರದಾಕಿ, ನಾ ಕುಷ್ಟಗಿಯಾಕಿ. ಆಕಿ ಮಾಡೂ ಸಾರು ಬ್ಯಾರೆ, ನಾ ಮಾಡೂ ಸಾರು ಬ್ಯಾರೆ. ಹಂಗಂತ ಆಕಿ ಹೆಣ್ಮಗಳಲ್ಲೇನು?"

ಆ ಕಡೆಯಿಂದ ಇವರು ನಕ್ಕಿದ್ದು ಕೇಳಿಸಿತು. ನಾನೂ ನಕ್ಕೆ. ಮೂವರೂ ಒಟ್ಟಿಗೆ ನಕ್ಕ ರಾತ್ರಿ ಅದು.

ಆಮೇಲೆ ನನಗೆ ಹಟವೇ ಹತ್ತಿತು. ಮುಖ್ಯೋಪಾಧ್ಯಾಯರ ಸಹಾಯದಿಂದ ಓದಿ ತಿಳಿದುಕೊಂಡೆ. ಟಾಂಜಾನಿಯಾದ ಉತ್ತರಕ್ಕೆ ಬಾಲ ಬಿಳಿ, ಹೊಟ್ಟೆ ಕಪ್ಪು. ಕೀನ್ಯಾದ ನಡುಭಾಗಕ್ಕೆ ಬಂದರೆ ಬಾಲವೂ ಬಿಳಿ, ಹೊಟ್ಟೆಯೂ ಬಿಳಿ. ಪಶ್ಚಿಮಕ್ಕೆ ವಿಕ್ಟೋರಿಯಾ ಸರೋವರದ ಕಡೆ ಹೋದರೆ ಹೊಟ್ಟೆ ಕಪ್ಪು, ಬಾಲವೂ ಕಪ್ಪು. ಇನ್ನೂ ದೂರ ಅಂಗೋಲ, ಕ್ಯಾಮರೂನ್ ಕಡೆಗಳಲ್ಲಿ ಬೇರೆ ಬೇರೆ ಥರದವು ಇವೆ, ಅವು ನಮ್ಮ ಗಾಡಿ ಹೋಗದ ಜಾಗಗಳು. ಶಾಲೆಯ ಹಳೆಯ ಭೂಪಟದ ಮುಂದೆ ನಿಂತು ಬೆರಳಾಡಿಸಿದರೆ ಈ ಹಕ್ಕಿಯ ಬಾಲ ಎಲ್ಲಿಂದ ಎಲ್ಲಿಗೆ ಬಣ್ಣ ತಿರುಗುತ್ತದೆ ಎಂದು ಹೇಳಬಲ್ಲವಳಾದೆ. ಇವರಿಗೂ ಅದನ್ನೆಲ್ಲ ಬರೆದು ಕಳಿಸುತ್ತಿದ್ದೆ. "ಬಾಲ ಕರೇದೋ ಬಿಳೇದೋ ಅಷ್ಟ ಹೇಳ್ರಿ. ನೀವು ಎಲ್ಲಿ ನಿಂತೀರಿ ಅನ್ನೂದನ್ನ ನಾ ಕುಂತಲ್ಲೆ ಹೇಳ್ತೀನಿ" ಎಂದು ಒಮ್ಮೆ ಜಂಬ ಕೊಚ್ಚಿಕೊಂಡಿದ್ದೆ. "ಹಂಗಾರ ನಾ ನಿನ್ನ ಕಣ್ಣು ತಪ್ಪಿಸಿ ಎಲ್ಲೂ ಹೋಗಂಗಿಲ್ಲ ಬಿಡು" ಎಂದಿದ್ದರು ಇವರು.

ಎರಡು ವರ್ಷ ಎಂದು ಹೋದವರು ಮೂರನೆಯದಕ್ಕೂ ಒಪ್ಪಿಕೊಂಡರು. ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೂ ಬೇಸರವಾಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಗಾಡಿ ಈ ಸಲ ಸರೋವರದ ಕಡೆಗೆ ಹೋಗುತ್ತದೆ ಎಂದು ಕೇಳಿ ಆ ಬೇಸರದೊಳಗೇ ಒಂದು ಖುಷಿಯೂ ಆಯಿತು. ಕೆಲವು ವಾರ ಕಳೆದು ಅಲ್ಲಿಂದ ಫೋಟೋ ಬಂತು. ಹೊಟ್ಟೆ ಕಪ್ಪು, ಬಾಲ ಕಪ್ಪು. ಪುಸ್ತಕದಲ್ಲಿ ಇದ್ದ ಹಾಗೇ. ಮೂರು ಸೀಮೆಯ ಮೂರು ಹಕ್ಕಿಗಳು ನನ್ನ ಫೋನಿನಲ್ಲಿ ಸಾಲಾಗಿ ಕೂತವು.

ಅದಾದ ಮೇಲೆ ಸ್ವಲ್ಪ ದಿನ ಫೋನು ಬರಲಿಲ್ಲ. ಹಳ್ಳಿಗಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಇವರು ಮೊದಲೇ ಹೇಳಿದ್ದರು. ನಾವು ಗಾಬರಿಯಾಗಲಿಲ್ಲ. ಬಂದಾಗ ದನಿ ಸಣ್ಣದಾಗಿತ್ತು. ಹಿಂದೆ ಯಾರಾರೋ ಮಾತಾಡುವುದು, ಕಬ್ಬಿಣದ ಬಂಡಿ ಎಳೆದಂಥ ಸಪ್ಪಳ ಕೇಳುತ್ತಿತ್ತು. ಎಲ್ಲಿದ್ದೀರಿ ಎಂದು ಕೇಳಿದರೆ, "ಅಲ್ಲೆ, ಕೆರಿ ಕಡೀಗೆ" ಎಂದರು. ಸರೋವರಕ್ಕೆ ಇವರು ಕೆರೆ ಅಂತಲೇ ಅನ್ನುತ್ತಿದ್ದರು.

ಫೋನು ಇಟ್ಟ ಮೇಲೆ ಅತ್ತೆ ಎದ್ದು ಹೋಗಲಿಲ್ಲ. "ಅವನ ದನಿ ಸರಿ ಇಲ್ಲ" ಎಂದರು.

"ದೂರದಿಂದ ಹಂಗ ಕೇಳಸ್ತೈತ್ರಿ."

"ದೂರ ಇವತ್ತೇನು ಹೊಸಾದೇನು? ಏನೋ ಆಗೈತಿ ಅವನಿಗೆ."

ಎರಡು ದಿನದ ನಂತರ ನನಗೊಂದು ಫೋಟೋ ಬಂತು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಅದೇ ಹಕ್ಕಿ. ಹೊಟ್ಟೆ ಬಿಳಿ, ಬಾಲ ಬಿಳಿ. ಚಿತ್ರದ ಒಂದು ಅಂಚಿಗೆ ಹಸಿರು ಬಣ್ಣ ಬಳಿದ ಕಂಬಿಯೊಂದು ಮಸುಕಾಗಿ ಬಿದ್ದಿತ್ತು. ನಾನು ಅದನ್ನು ನೋಡಿದೆ. ಬಾಡಿಗೆ ಕೋಣೆಯ ಕಿಟಕಿ ಇರಬೇಕು ಎಂದುಕೊಂಡು ಹಕ್ಕಿಯ ಕಡೆಗೆ ಚಿತ್ರವನ್ನು ಹಿಗ್ಗಿಸಿದೆ. ಮೊದಲು ಮಾಡಿದ ಕೆಲಸ ಅಂದರೆ ಅತ್ತೆಯ ಹತ್ತಿರ ಓಡಿದ್ದು. "ನೋಡ್ರಿ, ಅರಾಮ ಅದಾರ. ಹಕ್ಕಿ ಫೋಟೋ ತಗದು ಕಳ್ಸ್ಯಾರ. ನೀವು ಸುಮ್ಮನ ಜೀವಕ್ಕ ಹಚ್ಕೊಂಡೀರಿ." ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ವಾಪಸು ಕೊಟ್ಟರು. ಅವತ್ತು ರಾತ್ರಿ ಹೊಟ್ಟೆ ತುಂಬ ಉಂಡರು.

ಎರಡನೆಯದಾಗಿ ನನಗೆ ಹೊಳೆದದ್ದು, ಈ ಹಕ್ಕಿ ಸರೋವರದ ಕಡೆ ಇರಬಾರದು ಅನ್ನುವುದು. ಅಲ್ಲಿ ಬಾಲ ಕಪ್ಪಿರಬೇಕು. ಪೂರ್ತಿ ಬಿಳಿಯದು ಇರುವುದು ನೈರೋಬಿ, ಮಚಾಕೋಸ್ ಕಡೆ. ಮತ್ತೆ ಇದು ಅಲ್ಲಿಗೆ ಹೇಗೆ ಬಂತು? ಯಾರೂ ಬರೆದಿರದ ಸಂಗತಿಯೊಂದು ಕುಷ್ಟಗಿಯ ಒಂದು ಪಡಸಾಲೆಯಲ್ಲಿ ಕೂತ ನನಗೆ ಗೊತ್ತಾಗಿದೆ ಅನ್ನಿಸಿತು. ಅವತ್ತು ನನಗೆ ನಿದ್ದೆ ಬರಲಿಲ್ಲ. ಇವರಿಗೆ ಉದ್ದಕ್ಕೆ ಬರೆದೆ. ಇದು ಭಾಳ ದೊಡ್ಡ ವಿಷಯ, ಈ ಜಾತಿ ಅಲ್ಲಿ ಇರಬಾರದು, ಇನ್ನಷ್ಟು ಫೋಟೋ ಬೇಕು, ಬೆನ್ನಿನ ಕಡೆಯಿಂದಲೂ ತೆಗೆಯಿರಿ, ಬಾಲ ಸರಿಯಾಗಿ ಕಾಣಬೇಕು, ಜಾಗದ ಲೊಕೇಶನ್ ಕಳಿಸಿರಿ.

ಮರುದಿನ ಮುಖ್ಯೋಪಾಧ್ಯಾಯರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಟೀಚರ್, ನಿಮ್ಮ ಯಜಮಾನ್ರು ಈಗ ಎಲ್ಲದಾರ?"

"ಸರೋವರದ ಕಡೀಗ್ರಿ ಸರ್."

"ಖಾತ್ರಿ ಐತೇನ್ರಿ? ಫೋಟೋ ಅಲ್ಲಿಂದನ ಕಳ್ಸ್ಯಾರನ ಒಂದ ಸರ್ತಿ ಕೇಳ್ರಲ್ಲ. ಹಕ್ಕಿ ತನ್ನ ಜಾಗ ಅಷ್ಟು ಲಗೂನ ಬಿಡಂಗಿಲ್ಲ. ಮನಷ್ಯಾರು ಬಿಡ್ತಾರ."

ನನಗೆ ಸಿಟ್ಟು ಬಂತು. ನನ್ನ ಗಂಡ ಎಲ್ಲಿದ್ದಾರೆ ಎಂದು ನನಗೆ ಗೊತ್ತಿಲ್ಲವೆ? ಇಷ್ಟು ದಿನ ಕೂಡಿ ಓದಿದವರು, ನಾನು ಏನೋ ಹೊಸದು ಕಂಡೆ ಎಂದ ಕೂಡಲೇ ಸಂಶಯ ಪಡುತ್ತಾರಲ್ಲ ಅನ್ನಿಸಿತು. "ಅವರು ನನಗ ಸುಳ್ಳು ಹೇಳಂಗಿಲ್ರಿ" ಎಂದೆ. ಅವರು, "ಹಂಗಲ್ಲ ಟೀಚರ್, ತಪ್ಪು ತಿಳ್ಕೋಬ್ಯಾಡ್ರಿ" ಎಂದು ಹಾಜರಿ ಪುಸ್ತಕದ ಕಡೆ ತಿರುಗಿದರು. ನಾನು ತರಗತಿಗೆ ಹೋದೆ.

ಇವರಿಂದ ಇನ್ನೂ ಮೂರ್ನಾಲ್ಕು ಫೋಟೋ ಬಂದವು. ಒಂದರಲ್ಲಿ ನಾನು ಕೇಳಿದಂತೆ ಬೆನ್ನಿನ ಭಾಗ, ಬಾಲ ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲದರಲ್ಲೂ ಅದೇ ಮರ, ಅದೇ ಎತ್ತರ. ಹಕ್ಕಿ ನೋಡುವವರ ವಾಟ್ಸಾಪ್ ಗುಂಪೊಂದಕ್ಕೆ ಅವನ್ನು ಹಾಕಿದೆ. ಜನ ಖುಷಿಪಟ್ಟರು, ಜಾಗ ಯಾವುದು ಎಂದು ಕೇಳಿದರು. ಲೊಕೇಶನ್ ಮಾತ್ರ ಬರಲಿಲ್ಲ. ಒಮ್ಮೆ ನೆಟ್‌ವರ್ಕ್ ಇಲ್ಲ ಎಂದರು, ಒಮ್ಮೆ ಕಳಿಸುತ್ತೇನೆ ಎಂದರು. ಕೊನೆಗೆ ನಾನೇ ಬಿರುಸಾಗಿ ಬರೆದೆ: "ಒಂದು ಲೊಕೇಶನ್ ಕಳಿಸಾಕೂ ನಿಮಗ ಟೈಮ್ ಇಲ್ಲೇನು?"

ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಆಮೇಲೆ ಹಕ್ಕಿಯ ಫೋಟೋಗಳೂ ನಿಂತವು. ಫೋನು ಬರುತ್ತಿತ್ತು. ಊಟ ಆತೇನು, ಆತ್ರಿ. ನಾವು ಮತ್ತೆ ಅಲ್ಲಿಗೇ ಬಂದಿದ್ದೆವು. ಕೆಲಸ ಜಾಸ್ತಿಯಾಗಿರಬೇಕು, ಹಕ್ಕಿಯ ಮೇಲಿನ ಮನಸ್ಸು ಹೋಗಿರಬೇಕು ಎಂದುಕೊಂಡೆ. ನನಗೂ ಸಿಟ್ಟಿತ್ತು, ನಾನೂ ಕೇಳಲಿಲ್ಲ. ಗುಂಪಿನಲ್ಲಿ ಜಾಗದ ಬಗ್ಗೆ ಯಾರೋ ಮತ್ತೆ ಕೇಳಿದಾಗ ಉತ್ತರ ಕೊಡಲಾಗದೆ ಗುಂಪಿನಿಂದ ಹೊರಗೆ ಬಂದೆ.

ಸುಮಾರು ಒಂದು ವರ್ಷ ಕಳೆದು ಇವರು ಪೂರ್ತಿಯಾಗಿ ಊರಿಗೆ ಬಂದರು. ಕುಷ್ಟಗಿ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಹೊತ್ತು. ಹೋದಾಗ ಇದ್ದದ್ದಕ್ಕಿಂತ ತೆಳ್ಳಗಾಗಿದ್ದರು. ಎಡಗಾಲನ್ನು ಸ್ವಲ್ಪ ಎಳೆದು ಇಡುತ್ತಿದ್ದರು. "ಕಾಲಿಗೇನಾತೋ?" ಎಂದು ಅತ್ತೆ ಕೇಳಿದ್ದಕ್ಕೆ, "ಕುಂತ ಕುಂತ ಜೋಮು ಹಿಡದೈತಿ" ಎಂದರು. ಅತ್ತೆ ನಂಬಿದರು. ನಾನೂ ನಂಬಿದೆ.

ಅವತ್ತೇ ಬಚ್ಚಲಿಗೆ ಬಿಸಿನೀರು ತೋಡಿಟ್ಟು, ಬೆನ್ನು ತಿಕ್ಕಲು ಒಳಗೆ ಹೋದೆ. ಇವರು ಮಣೆಯ ಮೇಲೆ ಕೂತಿದ್ದರು. ಎಡಗಾಲಿನ ಮೊಣಕಾಲ ಕೆಳಗಿನಿಂದ ಪಾದದ ಹತ್ತಿರದವರೆಗೂ ಗಾಯದ ಗುರುತು. ಹೊಲಿಗೆ ಹಾಕಿದ ಕಡೆ ಚರ್ಮ ಸುಕ್ಕುಗಟ್ಟಿ ಮಿರಿಮಿರಿ ಮಿಂಚುತ್ತಿತ್ತು. ತಂಬಿಗೆ ಹಿಡಿದೇ ಬಗ್ಗಿ ನೋಡಿದೆ.

"ಇದೇನ್ರಿ?"

"ರಾಡ್ ಬಿತ್ತು. ಗಾಡಿ ಮ್ಯಾಲಿಂದ. ಎಲುವು ಎರಡು ಕಡೆ ಮುರದಿತ್ತು. ಒಳಗ ಸ್ಟೀಲಿನ ಸಳಿ ಹಾಕ್ಯಾರ."

"ಯಾವಾಗ?"

ಇವರು ನೀರಿನ ಕಡೆ ನೋಡುತ್ತ ಹೇಳಿದರು, "ನಾ ಬಿಳಿ ಹಕ್ಕಿ ಕಳ್ಸಿದ್ನಲ್ಲ, ಆವಾಗ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಯಾವ ಬಿಳಿ ಹಕ್ಕಿ ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ. ಇವರೇ ಹೇಳುತ್ತ ಹೋದರು. ಕೆರೆಯ ಕಡೆ ಕೆಲಸ ನಡೆದಿದ್ದಾಗಲೇ ಆಗಿದ್ದು. ಅಲ್ಲಿನ ದವಾಖಾನೆಯಲ್ಲಿ ಆಗುವುದಿಲ್ಲ ಎಂದು ನೈರೋಬಿಗೆ ಕರೆದುಕೊಂಡು ಬಂದರಂತೆ. ಎರಡು ಸಲ ಆಪರೇಶನ್. ಮಂಚದಿಂದ ಇಳಿಯುವ ಹಾಗಿಲ್ಲ. ತಲೆಯ ಹತ್ತಿರ ಒಂದು ಕಿಟಕಿ, ಕಿಟಕಿಯಾಚೆ ಒಂದು ಮರ. ಒಂದು ಬೆಳಿಗ್ಗೆ ಅದರಲ್ಲಿ ಆ ಹಕ್ಕಿಗಳು ಬಂದು ಕೂತು ಗದ್ದಲ ಮಾಡಿದವಂತೆ.

"ಅವ್ವಗ ಹೇಳಿದ್ರ ಆಕಿ ಉಣ್ಣೂದು ಬಿಡ್ತಾಳ. ಆಕೀಗೆ ಬಿ.ಪಿ. ಐತಿ. ಫೋನಿನ್ಯಾಗ ಹೇಳೂ ಹಂಗ ಇರಲಿಲ್ಲ, ಬಾಜೂಕ ಆಕಿ ಕುಂತಿರ್ತಿದ್ಲು."

"ನನಗ ಬರದು ಹೇಳಬಹುದಿತ್ತಲ್ರಿ."

"ಬರಿಯಾಕ ಹೋದೆ. ಆಗಲಿಲ್ಲ. ಏನಂತ ಬರೀಲಿ? ಅದಕ್ಕ ಹಕ್ಕಿ ಫೋಟೋ ತಗದು ಕಳ್ಸಿದೆ." ಮತ್ತೆ ಹೇಳಿದರು, "ನೀನ ಹೇಳಿದ್ದಿಯಲ್ಲ, ಬಾಲ ನೋಡಿದ್ರ ನಾ ಎಲ್ಲದೀನಿ ಅಂತ ಹೇಳ್ತೀನಿ ಅಂತ. ಬಿಳಿ ಬಾಲ ನೋಡಿದ್ರ ನಿನಗ ತಿಳೀತೈತಿ, ಇವರು ಕೆರಿ ಕಡೀಗಿಲ್ಲ, ನೈರೋಬಿಯಾಗ ಅದಾರ, ಯಾಕ ಅಂತ ಕೇಳ್ತಿ ಅನ್ಕೊಂಡಿದ್ದೆ. ನೀ ಕೇಳಿದ್ರ ಹೇಳ್ತಿದ್ದೆ."

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ತಂಬಿಗೆಯ ನೀರನ್ನು ಅವರ ಬೆನ್ನಿಗೆ ಸುರಿದೆ. ಬೆನ್ನು ತಿಕ್ಕಿದೆ. ಹೊರಗಿನಿಂದ ಅತ್ತೆ, "ನೀರು ಸಾಲತಾವೇನವ್ವಾ?" ಎಂದು ಕೂಗಿದರು. "ಸಾಲತಾವ್ರಿ" ಎಂದೆ.

ಅವತ್ತು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಆ ಹಳೆಯ ಫೋಟೋಗಳನ್ನು ತೆಗೆದು ನೋಡಿದೆ. ಮೊದಲನೆಯದರಲ್ಲಿ ಹಸಿರು ಕಂಬಿ. ಎರಡನೆಯದರಲ್ಲಿ ಗಾಜಿನ ಮೇಲೆ ಒಳಗಿನ ದೀಪದ ಪ್ರತಿಬಿಂಬ. ಇನ್ನೊಂದರಲ್ಲಿ ಕೆಳಗಿನ ಮೂಲೆಗೆ ಬಿಳಿ ಬಟ್ಟೆಯ ಅಂಚು, ಹೊದಿಕೆಯದೋ ಪರದೆಯದೋ. ಪುಸ್ತಕ ಸುಳ್ಳಾಗಿರಲಿಲ್ಲ, ಹಕ್ಕಿಯೂ ದಾರಿ ತಪ್ಪಿರಲಿಲ್ಲ. ಅದು ತನ್ನ ಸೀಮೆಯಲ್ಲೇ, ತನ್ನ ಮರದಲ್ಲೇ ಕೂತಿತ್ತು. ನಾನು ಕಲಿತದ್ದು ಸರಿಯಾಗಿಯೇ ಇತ್ತು. ಅದನ್ನು ನಂಬುವ ಬದಲು ಬೇರೆ ಇನ್ನೇನನ್ನೋ ನಂಬಿದೆ. ಎಲುಬು ಮುರಿದು ಮಲಗಿದವರಿಗೆ ಬೆನ್ನಿನ ಕಡೆಯಿಂದ ಫೋಟೋ ತೆಗೆಯಿರಿ ಎಂದು ಬರೆದದ್ದು ಅಲ್ಲಿ ಹಾಗೇ ಇತ್ತು. ಅದರ ಕೆಳಗೆ ಬೆನ್ನಿನ ಫೋಟೋ ಕೂಡ ಇತ್ತು.

ಮುಖ್ಯೋಪಾಧ್ಯಾಯರು ಅಷ್ಟರಲ್ಲಿ ಗಂಗಾವತಿಯ ಕಡೆಗೆ ವರ್ಗವಾಗಿ ಹೋಗಿದ್ದರು. ಅವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು, "ಈಗ ನಡಿತಾರಿಲ್ರಿ ಟೀಚರ್? ಅಷ್ಟು ಸಾಕು" ಎಂದರು. ನಾನು ಆಡಿದ ಮಾತು ಅವರಿಗೆ ನೆನಪಿತ್ತೋ ಇಲ್ಲವೋ, ಅದನ್ನು ಎತ್ತಲಿಲ್ಲ.

ಅತ್ತೆಗೆ ಎಷ್ಟು ದಿನ ಮುಚ್ಚಿಡಲು ಆಗುತ್ತದೆ? ತಿಂಗಳಾಗುವಷ್ಟರಲ್ಲಿ ಲುಂಗಿ ಮೇಲೆತ್ತಿ ಕೂತಾಗ ನೋಡಿಬಿಟ್ಟರು. ಅವರು ಅಳಲಿಲ್ಲ. ಮಗನ ಕಾಲಿನ ಮೇಲೆ ಕೈಯಾಡಿಸಿ ನನ್ನ ಕಡೆ ನೋಡಿದರು. "ನಾ ಅವತ್ತ ಅಂದಿದ್ದೆ" ಎಂದರು. ನಾನು ಹೂಂ ಎಂದೆ. ಅದಾದ ಮೇಲೆ ಅವರು ನನಗೆ ಆ ಬಗ್ಗೆ ಮತ್ತೊಂದು ಮಾತು ಆಡಿಲ್ಲ. ಆದರೆ ಇವತ್ತಿಗೂ ಇವರು ಹೊರಗೆ ಹೋಗಿ ಬರುವುದು ತಡವಾದರೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಎಲ್ಲಿದ್ದಾನೆ ಎಂದು ನನ್ನನ್ನು ಕೇಳುವುದಿಲ್ಲ.

ಇವರು ಈಗ ಬೋರ್ ಗಾಡಿ ಹತ್ತುವುದಿಲ್ಲ. ಕುಷ್ಟಗಿಯಲ್ಲೇ ಪಂಪ್‌ಸೆಟ್ ಮೋಟಾರು ಸುತ್ತುವ ಅಂಗಡಿಯಲ್ಲಿ ಕೆಲಸ. ಕೂತು ಮಾಡುವಂಥದ್ದು. ದಾಳಿಂಬೆ ತೋಟದವರು ಸುಟ್ಟ ಮೋಟಾರು ತಂದು ಮುಂದೆ ಇಡುತ್ತಾರೆ, ಇವರು ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುತ್ತಾರೆ. ಮನೆಗೆ ಬಂದರೆ ಹೆಚ್ಚು ಮಾತಿಲ್ಲ. ನಾನು ಒಂದೆರಡು ಸಲ ಮೊದಲಿನಂತೆ ಹಕ್ಕಿಯ ವಿಷಯ ತೆಗೆಯಲು ನೋಡಿದೆ. ಇವರು ಕೇಳಿಸಿಕೊಳ್ಳುತ್ತಾರೆ, ಬೇಡ ಎನ್ನುವುದಿಲ್ಲ. ಆದರೆ ಆ ವಿಷಯ ನಮ್ಮ ನಡುವೆ ಕೆಟ್ಟುಹೋಗಿದೆ. ಹಕ್ಕಿ ಅಂದ ಕೂಡಲೇ ಇಬ್ಬರಿಗೂ ನೆನಪಾಗುವುದು ಒಂದೇ. ನಾವು ಮಾತಾಡಲು ಕಲಿತ ಒಂದೇ ಭಾಷೆಯನ್ನು ನಾನೇ ಬಳಸಲಾಗದಂತೆ ಮಾಡಿಕೊಂಡೆನಲ್ಲ ಅನ್ನಿಸುತ್ತದೆ. ಬೇರೆ ಮಾತುಗಳನ್ನು ಈಗ ಹೊಸದಾಗಿ ಕಲಿಯಬೇಕಾಗಿದೆ, ಇಬ್ಬರಿಗೂ ವಯಸ್ಸು ಸ್ವಲ್ಪ ಸರಿದ ಮೇಲೆ.

ಹೋದ ಚಳಿಗಾಲದಲ್ಲಿ ಕಾಲು ನೋವು ಜಾಸ್ತಿಯಾಯಿತೆಂದು ಕೊಪ್ಪಳದ ಎಲುಬಿನ ಡಾಕ್ಟರಿಗೆ ತೋರಿಸಲು ಹೋಗಿದ್ದೆವು. ಡಾಕ್ಟರು ಸಳಿಯನ್ನು ತೆಗೆಯುವ ಅಗತ್ಯವಿಲ್ಲ ಎಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ಕೂತು ಮಂಡಕ್ಕಿ, ಮಿರ್ಚಿ ತಿಂದೆವು. ಚಹಾ ಬರುವಷ್ಟರಲ್ಲಿ ನಾನು ಕೇಳಿದೆ, "ಅಲ್ಲಿ ದವಾಖಾನಿಯಾಗ ನಿಮ್ಮನ್ನ ಯಾರು ನೋಡ್ಕೊಂತಿದ್ರು?" ಇಷ್ಟು ದಿನ ಇದನ್ನು ಯಾಕೆ ಕೇಳಿರಲಿಲ್ಲವೋ ಗೊತ್ತಿಲ್ಲ.

ಇವರು ಸ್ವಲ್ಪ ಯೋಚಿಸಿ ಹೇಳಿದರು. ಪಕ್ಕದ ಮಂಚದಲ್ಲಿ ಒಬ್ಬ ಮುದುಕ ಇದ್ದನಂತೆ. ಅಲ್ಲಿಯವನೇ. ಕೈಗೆ ಪಟ್ಟಿ ಕಟ್ಟಿದ್ದರು, ಕಾಲು ಸರಿಯಿದ್ದವು. ನಮ್ಮ ಮುದ್ದೆಯಂಥ ಊಟವನ್ನು ಅವನ ಮಗಳು ತರುತ್ತಿದ್ದಳು, ಅದರಲ್ಲಿ ಇವರಿಗೂ ಅರ್ಧ ಕೊಡುತ್ತಿದ್ದನಂತೆ.

"ಮಾತು ಹೆಂಗ ತಿಳೀತಿತ್ರಿ?"

"ನಾ ಅವರ ಮಾತು ಒಂದೀಟು ಕಲ್ತಿದ್ದೆ. ಉಳಿದದ್ದು ಕೈಸನ್ನಿ." ಚಹಾ ಬಂತು. ಇವರು ಬಟ್ಟಲಲ್ಲಿ ಹೊಯ್ದು ಊದಿದರು. "ನೀ ಬೆನ್ನಿನ ಕಡೀದು ಫೋಟೋ ಕೇಳಿದ್ದಿಯಲ್ಲ. ನನಗ ಹೊಳ್ಳಾಕ ಬರ್ತಿರಲಿಲ್ಲ. ಅವನೇ ನನ್ನ ಫೋನ್ ತಗೊಂಡು ಕಿಟಕಿಗೆ ಹೋಗಿ ನಿಂತ. ಮುಂಜಾನಿಯಿಂದ ಮಧ್ಯಾಹ್ನದ ತನಕ ನಿಂತಿದ್ದ, ಹಕ್ಕಿ ಹೊಳ್ಳಿ ಕುಂದರಲಿ ಅಂತ. ಯಾರಿಗೆ ಅಂತ ಕೇಳಿದ. ನನ್ನ ಹೇಣ್ತಿಗೆ ಅಂದೆ. ನಕ್ಕ."

ಆ ಮುದುಕನ ಹೆಸರು ಇವರಿಗೆ ನೆನಪಿರಲಿಲ್ಲ. ನಂಬರೂ ಇಲ್ಲ. ಇವರನ್ನು ಬೇರೆ ಕೋಣೆಗೆ ಕಳಿಸಿದ ಮೇಲೆ ಅವನು ಏನಾದನೋ ಗೊತ್ತಿಲ್ಲ ಎಂದರು. ನನ್ನ ಸಲುವಾಗಿ ಅಷ್ಟು ಹೊತ್ತು ನಿಂತ ಮನುಷ್ಯನಿಗೆ ನಾನು ಏನನ್ನೂ ಹೇಳುವಂತಿಲ್ಲ.

ಬಸ್ ಬಂತು. ಇವರಿಗೆ ಕಾಲು ಚಾಚಲು ಅನುಕೂಲವಾಗಲಿ ಎಂದು ಮುಂದಿನ ಸೀಟು ಹಿಡಿದೆ. ಊರು ದಾಟಿದ ಮೇಲೆ, "ಮತ್ತ ಅವನ ಮಗಳು ದಿನಾ ಬರ್ತಿದ್ಲೇನ್ರಿ?" ಎಂದು ಕೇಳಿದೆ. "ದಿನಾ ಬರ್ತಿದ್ಲು. ದೂರದಿಂದ ಬರ್ತಿದ್ಲು, ಎರಡು ಬಸ್ ಬದಲಿ ಮಾಡಿ..." ಎಂದು ಶುರು ಮಾಡಿದರು. ಮಾತಿನ ನಡುವೆಯೇ ಕಣ್ಣು ಮುಚ್ಚಿತು. ನೋವಿನ ಗುಳಿಗೆಗೆ ಇವರಿಗೆ ನಿದ್ದೆ ಬರುತ್ತದೆ. ತಲೆ ನನ್ನ ಹೆಗಲಿಗೆ ವಾಲಿತು. ಉಳಿದದ್ದನ್ನು ಕೇಳಬೇಕೆನಿಸಿದರೂ ನಾನು ಎಬ್ಬಿಸಲಿಲ್ಲ.